ಒಂಬತ್ತು ರಾಜಕುಮಾರಿಯರು, ಒಬ್ಬ ಬೆಪ್ಪುತಕ್ಕಡಿ

"ಕತೆಯಲ್ಲಿ ಒಬ್ಬ ಹುಡುಗ. ಅವನಿಗೆ ಕತ್ತಿ ಹಿಡಿಯೋಕೆ ಬರಲ್ಲ, ದಾರಿ ಗೊತ್ತಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ಆದರೂ ಒಂಬತ್ತು ರಾಜಕುಮಾರಿಯರು ಅವನ ಹಿಂದೆ ಹಿಂದೆ!"

ಸೂಜಿ ಹಾಳೆಯಿಂದ ತಲೆ ಎತ್ತಿದಳು. ಇಡೀ ಕ್ಲಾಸು ನಗುತ್ತಿತ್ತು. ಅವಳ ಮಾತು ಚುಚ್ಚುತ್ತದೆ ಎಂದೇ ಎಲ್ಲರೂ ಅವಳಿಗೆ ಆ ಹೆಸರಿಟ್ಟಿದ್ದರು. ಅವಳಿಗೆ ಅದು ಹೆಮ್ಮೆಯೇ.

ಅದು ಲೈಬ್ರರಿ ಪೀರಿಯಡ್. ಓದಿದ ಪುಸ್ತಕದ ಬಗ್ಗೆ ಎಲ್ಲರೂ ಒಂದೊಂದು ಹಾಳೆ ಬರೆದು ತರಬೇಕಿತ್ತು. ಎಡಗಡೆ 'ಏನು ಚೆನ್ನಾಗಿದೆ', ಬಲಗಡೆ 'ಏನು ಚೆನ್ನಾಗಿಲ್ಲ'. ಒಳ್ಳೆಯ ಹಾಳೆ ಬೋರ್ಡಿಗೆ ಹೋಗುತ್ತದೆ.

ಸೂಜಿ ಅಣ್ಣನ ಕಪಾಟಿನಿಂದ 'ಒಂಬತ್ತು ಮುಕುಟಗಳ ವೀರ' ಎಂಬ ಸರಣಿಯನ್ನು ಹೊತ್ತು ತಂದು ಓದಿದ್ದಳು. ಒಟ್ಟು ಒಂಬತ್ತು ಭಾಗ. ಭಾಗಕ್ಕೊಬ್ಬ ಹೊಸ ರಾಜಕುಮಾರಿ.

"ಒಬ್ಬಳು ಬಾಣ ಬಿಡ್ತಾಳೆ. ಒಬ್ಬಳು ಹಕ್ಕಿಗಳ ಜೊತೆ ಮಾತಾಡ್ತಾಳೆ. ಒಬ್ಬಳು ಎಂಥಾ ಬೀಗಾನೂ ತೆಗೀತಾಳೆ. ಆದರೆ ಇವನನ್ನ ನೋಡಿದ ತಕ್ಷಣ ಎಲ್ಲರಿಗೂ ಮಂಕುಬೂದಿ! 'ಅಯ್ಯೋ, ನೀನು ಎಷ್ಟು ಧೈರ್ಯವಂತ!' ಅಂತ ಕೆನ್ನೆ ಕೆಂಪು ಮಾಡ್ಕೊಳ್ಳೋದೇ ಕೆಲಸ. ಮೂರನೇ ಭಾಗದಲ್ಲಿ ಇಪ್ಪತ್ತೆರಡು ಸಲ ಕೆನ್ನೆ ಕೆಂಪಾಗುತ್ತೆ, ನಾನೇ ಎಣಿಸಿದ್ದೀನಿ. ಅದು ಪ್ರೀತಿ ಅಲ್ಲ, ಜ್ವರ. ಡಾಕ್ಟರಿಗೆ ತೋರಿಸಬೇಕು!"

ಮುಂದಿನ ಬೆಂಚಿನವನು ನಕ್ಕೂ ನಕ್ಕೂ ಕೆಮ್ಮತೊಡಗಿದ.

"ಐದನೇ ಭಾಗದಲ್ಲಿ ಕೋಟೆ ಬಾಗಿಲು ತೆಗೆದಿದ್ದು ಬೀಗದ ಹುಡುಗಿ. ಪದಕ ಯಾರಿಗೆ? ಈ ಬೆಪ್ಪುತಕ್ಕಡಿಗೆ!"

"ಸರಿ, ಚೆನ್ನಾಗಿರೋದು ಏನು?" ಲೈಬ್ರರಿ ಮೇಡಂ ಕೇಳಿದರು.

"ರಟ್ಟು ಗಟ್ಟಿಯಾಗಿದೆ, ಮೇಡಂ."

ಮತ್ತೆ ನಗುವಿನ ಅಲೆ. ಕೊನೇ ಬೆಂಚಿನ ಗುಬ್ಬಿ ಮಾತ್ರ ನಗಲಿಲ್ಲ. ವರ್ಷದ ನಡುವೆ ಬಂದು ಸೇರಿದವಳು ಅವಳು. ದನಿ ಸಣ್ಣದು, ಅದಕ್ಕೇ ಆ ಹೆಸರು. ಅವಳ ಮುಂದೆ ಅದೇ ಸರಣಿಯ ಏಳನೇ ಭಾಗವಿತ್ತು.

"ಅವರು... ಅವರೆಲ್ಲ ಒಟ್ಟಿಗೆ ಊಟ ಮಾಡ್ತಾರಲ್ಲ, ಅದು ಚೆನ್ನಾಗಿದೆ," ಎಂದಳು ಗುಬ್ಬಿ.

"ಊಟಕ್ಕೆ ಒಂಬತ್ತು ಪುಸ್ತಕ ಯಾಕೆ? ಹೋಟೆಲ್ ಮೆನು ಸಾಕಲ್ಲ!" ಸೂಜಿ ತಟ್ಟನೆ ಹೇಳಿದಳು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಗುಬ್ಬಿ ಪುಸ್ತಕವನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದಳು.

ಬೆಲ್ ಆದಮೇಲೆ ಮೇಡಂ ಸೂಜಿಯ ಹಾಳೆಯನ್ನು ಅವಳಿಗೇ ವಾಪಸ್ ಕೊಟ್ಟರು.

"ಬಲಗಡೆ ಬರೆದಿರೋದೆಲ್ಲ ನಿಜ. ನಾನೂ ನಕ್ಕೆ. ಎಡಗಡೆ ಖಾಲಿ ಇದೆಯಲ್ಲಮ್ಮ?"

"ಚೆನ್ನಾಗಿರೋದು ಏನೂ ಇಲ್ಲ, ಮೇಡಂ."

"ಮತ್ತೆ ಒಂಬತ್ತೂ ಭಾಗ ಯಾಕೆ ಓದಿದೆ?"

ಸೂಜಿ ಕಾಲ್ಬೆರಳು ನೋಡಿಕೊಂಡಳು.

"ಇಷ್ಟಪಡೋರನ್ನ ಕೇಳಿ ಬರ್ಕೊಂಡು ಬಾ. ಆಮೇಲೆ ಬೋರ್ಡಿಗೆ ಹಾಕೋಣ."

ಊಟದ ಬಿಡುವಿನಲ್ಲಿ ಗುಬ್ಬಿ ಮೆಟ್ಟಿಲ ಮೇಲೆ ಒಬ್ಬಳೇ ಓದುತ್ತಾ ಕೂತಿದ್ದಳು. ಸೂಜಿ ಹಾಳೆ ಹಿಡಿದು ಅವಳ ಮುಂದೆ ಬಂದು ನಿಂತಳು.

"ಏನೇ, ಅದೇನೋ ಊಟದ ವಿಷಯ ಹೇಳ್ತಿದ್ದೆಯಲ್ಲ? ಬೇಗ ಹೇಳು, ಬರ್ಕೋಬೇಕು."

"ಮತ್ತೆ ನಗ್ತೀಯ."

"ಇಲ್ಲ, ಹೇಳೇ."

ಗುಬ್ಬಿ ಒಂದು ಪುಟ ತೆರೆದಳು. ಎಷ್ಟು ಸಲ ತಿರುವಿದ್ದಳೋ, ಅದರ ಮೂಲೆ ಬಟ್ಟೆಯಂತೆ ಮೆತ್ತಗಾಗಿತ್ತು.

"ಪ್ರತಿ ಭಾಗದಲ್ಲೂ ಹೊಸಬಳು ಬರ್ತಾಳಲ್ಲ, ಮೊದಲ ದಿನ ಬಾಗಿಲಲ್ಲೇ ನಿಂತಿರ್ತಾಳೆ. ಮಿಕ್ಕವರು ಊಟಕ್ಕೆ ಕೂತಿರ್ತಾರೆ. ಆಗ ಯಾರಾದ್ರೂ ಒಬ್ಬರು ಸರಿದು, 'ಬಾರೇ, ಇಲ್ಲಿ ಕೂತ್ಕೋ' ಅಂತಾರೆ. ಪ್ರತಿ ಸಲಾನೂ."

"ಮತ್ತೆ ಆ ವೀರ?"

"ಅವನು ಪೆದ್ದ ಕಣೇ! ಅವನಿರೋ ಪುಟ ನಾನು ಹಾರಿಸ್ಬಿಡ್ತೀನಿ."

ಸೂಜಿಗೆ ನಗು ತಡೆಯಲಾಗಲಿಲ್ಲ. ಗುಬ್ಬಿಯೂ ನಕ್ಕಳು.

ಸೂಜಿ ಆ ಪುಟ ಓದಿದಳು. ಮೊದಲೂ ಓದಿದ್ದ ಪುಟವೇ. ಕೆಂಪಾದ ಕೆನ್ನೆಗಳನ್ನು ಎಣಿಸುವ ಭರದಲ್ಲಿ 'ಬಾರೇ, ಇಲ್ಲಿ ಕೂತ್ಕೋ' ಎಂಬ ಸಾಲು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

"ಅಮ್ಮನಿಗೆ ಟ್ರಾನ್ಸ್‌ಫರ್ ಆಗ್ತಾನೇ ಇರುತ್ತೆ," ಎಂದಳು ಗುಬ್ಬಿ, "ಇದು ನನ್ನ ನಾಲ್ಕನೇ ಸ್ಕೂಲು."

ಗುಬ್ಬಿ ಕ್ಲಾಸಿಗೆ ಬಂದ ಮೊದಲ ದಿನವನ್ನು ಸೂಜಿ ನೆನಪಿಸಿಕೊಳ್ಳಲು ನೋಡಿದಳು. ಏನೂ ನೆನಪಾಗಲಿಲ್ಲ.

"ನೀನು ಬಂದ ದಿನ ಎಲ್ಲಿ ಕೂತಿದ್ದೆ?"

"ಕೊನೇ ಬೆಂಚಲ್ಲಿ. ನಿನ್ನ ಪಕ್ಕ ಜಾಗ ಇತ್ತು. ಆದ್ರೆ ಅಲ್ಲಿ ನಿನ್ನ ಬ್ಯಾಗ್ ಇತ್ತು."

ಗುಬ್ಬಿಯ ದನಿಯಲ್ಲಿ ದೂರೇನೂ ಇರಲಿಲ್ಲ.

ಸೂಜಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು ಹಾಳೆಯನ್ನು ಮೊಣಕಾಲ ಮೇಲೆ ಹರಡಿದಳು. ಬಲಗಡೆಯ ಒಂದಕ್ಷರವನ್ನೂ ಬದಲಿಸಲಿಲ್ಲ. ಎಡಗಡೆಗೆ ಪೆನ್ನು ತಂದಳು.

"ಈ ಭಾಗದಲ್ಲಿ ಸರಿದು ಜಾಗ ಕೊಟ್ಟವಳು ಯಾರು?" ಎಂದು ಮೆಲ್ಲಗೆ ಕೇಳಿದಳು.

ಗುಬ್ಬಿ ಪಕ್ಕಕ್ಕೆ ಬಾಗಿ, ಆ ಸಾಲಿನ ಮೇಲೆ ಬೆರಳಿಟ್ಟಳು.