ಫೋನಿನ ಆಚೆಯವಳು

ಪತ್ತೇದಾರನ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು ಎಂಬ ಸುದ್ದಿ ಬಂದಾಗ, ಆ ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದು ಅವನ ಅಂಗಿಯ ಕಾಲರನ್ನು ಒತ್ತುತ್ತಿದ್ದಳು.

ಸುದ್ದಿ ತಂದವನು ಮೇಕಪ್‌ನವನು. ಬಾಗಿಲಿಗೆ ಒರಗಿ ನಿಂತು, "ಅಕ್ಕಾ, ನಿಮ್ಮನ್ನ ಸಾಯಿಸಿಬಿಟ್ರಂತೆ," ಎಂದ.

"ಯಾವಾಗ?"

"ಸೀರಿಯಲ್ ಶುರುವಾಗೋಕ್ ಮುಂಚೇನೇ."

"ಹಂಗಾದ್ರೆ ಇಷ್ಟು ವರ್ಷ ಇಸ್ತ್ರಿ ಮಾಡಿದ್ದು ಯಾರು?" ಎಂದು ನಕ್ಕಳು. ನಗು ತುಟಿಯಿಂದ ಮೇಲಕ್ಕೆ ಹತ್ತಲಿಲ್ಲ.

ಅವಳು ಆ ಟೀವಿ ಧಾರಾವಾಹಿಯ ಬಟ್ಟೆಬರೆ ನೋಡಿಕೊಳ್ಳುವವಳು. ತೆರೆಯ ಮೇಲೆ ಎಂದೂ ಬಂದವಳಲ್ಲ. ಆದರೆ ಪ್ರತಿ ಕಂತಿನ ಕೊನೆಗೆ, ಕಳ್ಳನೋ ಕೊಲೆಗಾರನೋ ಸಿಕ್ಕಿಬಿದ್ದ ಮೇಲೆ, ಪತ್ತೇದಾರ ತನ್ನ ಆಫೀಸಿನಿಂದ ಹೆಂಡತಿಗೆ ಫೋನ್ ಮಾಡುತ್ತಿದ್ದ. ಆ ಹೆಂಡತಿ ನೋಡುವವರಿಗೆ ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ಬರೆದ ಹಾಳೆಯಲ್ಲಿ ಅವಳಿಗೆ ಒಂದು ಮಾತೂ ಇರಲಿಲ್ಲ. ಗೋಡೆಯ ಜೊತೆ ಮಾತಾಡೋಕೆ ನನಗೆ ಬರಲ್ಲ ಎಂದು ಪತ್ತೇದಾರನ ಪಾತ್ರದವನು ಮೊದಲ ದಿನವೇ ಹಟ ಹಿಡಿದ. ಆಗ ಕೈ ಬಿಡುವಾಗಿದ್ದವಳು ಇವಳೊಬ್ಬಳೇ. ಕ್ಯಾಮೆರಾದ ಪಕ್ಕ ಸ್ಟೂಲ್ ಹಾಕಿ ಕೂರಿಸಿದರು. ಬಾಯಿಗೆ ಬಂದದ್ದು ಹೇಳಮ್ಮ, ನಿನ್ನ ದನಿ ಆಮೇಲೆ ತೆಗೆದುಹಾಕ್ತೀವಿ ಎಂದರು.

ಅಂದಿನಿಂದ ಆ ಸ್ಟೂಲಿನ ಮೇಲೆ ಇರುವಷ್ಟು ಹೊತ್ತು ಅವಳು ಅವನ ಹೆಂಡತಿ.

"ಇನ್ನೇನು ಹೊರಟೆ," ಎಂದು ಅವನು ಬರೆದುಕೊಟ್ಟ ಮಾತು ಹೇಳುತ್ತಿದ್ದ.

"ನೀವು ಹೊರಡೋದು ನಂಗೊತ್ತಿಲ್ವಾ? ಬೀಗದಕೈ ಹುಡುಕೋಕೇ ಅರ್ಧ ಗಂಟೆ ಬೇಕು."

ಅವನ ತುಟಿಯ ಎಡಮೂಲೆ ಸ್ವಲ್ಪವೇ ಅಲುಗುತ್ತಿತ್ತು. ಆ ಅರೆನಗೆಗೆ ಊರೆಲ್ಲ ಮರುಳಾಗಿತ್ತು. ಅದು ಯಾರ ಮಾತಿಗೆ ಬಂದ ನಗೆ ಎಂಬುದು ಅವಳಿಗೆ ಗೊತ್ತಿತ್ತು.

ಉಳಿದ ಹೊತ್ತಿನಲ್ಲಿ ಇಬ್ಬರ ನಡುವೆ ಇದ್ದದ್ದು ಗುಂಡಿ, ತೋಳಿನ ಉದ್ದ, ಬೆವರಿನ ಕಲೆ. ಅವನೂ ಒಂಟಿ, ಅವಳೂ ಒಂಟಿ. "ಸೂಜಿಯವರೇ" ಎಂದು ಕರೆಯುತ್ತಿದ್ದ, ಮರ್ಯಾದೆ ತಪ್ಪಿದವನಲ್ಲ. ಫೋನಿನಲ್ಲಿ ಮಾತ್ರ "ನೀನು". ಆ ಒಂದು "ನೀನು" ಕೇಳಲು ಅವಳು ವಾರವಿಡೀ ಕಾಯುತ್ತಿದ್ದಳು.

ಮಧ್ಯಾಹ್ನ ಕಥೆ ಬರೆಯುವ ಹುಡುಗಿ ಎಲ್ಲರನ್ನೂ ಕೂರಿಸಿ ವಿವರಿಸಿದಳು. ಧಾರಾವಾಹಿ ಮುಗಿಯುತ್ತಿದೆ. ಪತ್ತೇದಾರನ ಸ್ವಂತ ಬದುಕು ಏನು ಎಂದು ಜನ ಕೇಳುತ್ತಿದ್ದಾರೆ. ಹೆಂಡತಿ ಎಂದೋ ಸತ್ತಿದ್ದಾಳೆ. ಎಲ್ಲರ ಗುಟ್ಟು ಬಯಲು ಮಾಡುವವನು ತನ್ನದನ್ನು ಮುಚ್ಚಿಟ್ಟುಕೊಂಡು, ಯಾರೂ ಎತ್ತದ ನಂಬರಿಗೆ ಫೋನ್ ಮಾಡುತ್ತಿದ್ದ. ಕೊನೆಯ ಕಂತಿನಲ್ಲಿ ಇದು ಗೊತ್ತಾಗಬೇಕು.

"ಗೋಡೆ ಮೇಲೆ ಹೆಂಡತಿ ಫೋಟೊ ಬೇಕು," ಎಂದಳು ಹುಡುಗಿ. "ನಮ್ಮ ಅಕ್ಕಂದೇ ಹಾಕಿದ್ರೆ? ಇಷ್ಟು ವರ್ಷ ಮಾತಾಡಿದ್ದು ಅವರೇ ತಾನೇ."

ಎಲ್ಲರೂ ತಿರುಗಿ ನೋಡಿದರು. ಅವಳು ಕಿವಿಯ ಹಿಂದೆ ಕೂದಲು ಸರಿಸಿಕೊಂಡಳು. ಒಂದು ಗಳಿಗೆ ಅವನ ಗೋಡೆಯ ಮೇಲೆ ತನ್ನ ಮುಖ ಕಂಡಿತು. ಹಲಗೆಗೆ ಬಣ್ಣ ಬಳಿದದ್ದಾದರೇನು, ಗೋಡೆ ಗೋಡೆಯೇ.

"ಅವರದ್ದು ಬೇಡ," ಎಂದ ಅವನು.

"ಯಾಕ್ ಸಾರ್?"

"ಬೇಡ ಅಂದ್ನಲ್ಲ. ಬೇರೆ ಯಾರದ್ದಾದ್ರೂ ಹಾಕಿ."

ಅವಳ ಕಿವಿ ಬಿಸಿಯಾಯಿತು. ಇಸ್ತ್ರಿ ಇನ್ನೂ ಬಿಸಿ ಇದೆ ಎಂದು ಏನೋ ನೆಪ ಹೇಳಿ ಎದ್ದು ಬಂದಳು. ಸತ್ತ ಹೆಂಡತಿಯಾಗುವುದಕ್ಕೂ ನನ್ನ ಮುಖ ಸಾಲದೇ ಎಂದು ಕನ್ನಡಿಯನ್ನು ಕೇಳಿಯೂ ಕೇಳದ ಹಾಗೆ ನೋಡಿದಳು.

ಮರುದಿನ ಕೋಟು ತೊಡಿಸುವಾಗ ಅವಳ ಕಣ್ಣು ಗುಂಡಿಗಳಿಂದ ಮೇಲೆ ಹೋಗಲಿಲ್ಲ.

"ಸೂಜಿಯವರೇ, ಇವತ್ತು ಚುಚ್ಚೋದಿಲ್ವಾ?"

"ಸತ್ತೋರು ಹೆಂಗೆ ಚುಚ್ತಾರೆ?"

"ಕೋಪಾನಾ?"

"ಕೈ ಎತ್ತಿ."

ಎತ್ತಿದ.

"ಇನ್ನೊಂದು."

ಅದನ್ನೂ ಎತ್ತಿದ. ಎರಡೂ ಕೈ ಮೇಲೆ ಮಾಡಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಅವಳ ನೆತ್ತಿಯನ್ನೇ ನೋಡುತ್ತ ನಿಂತ. ಏನೋ ಹೇಳಲು ಬಾಯಿ ತೆರೆದ. ಅವಳು ದಾರ ಕಚ್ಚಿ ತುಂಡರಿಸಿ ಹೊರಟುಹೋದಳು.

ಕೊನೆಯ ಕಂತಿನ ಫೋನಿಗೆ ಉತ್ತರ ಕೊಡುವವರು ಯಾರೂ ಇಲ್ಲವಾದ್ದರಿಂದ, ಆ ದಿನ ಸ್ಟೂಲ್ ಹಾಕಿರಲಿಲ್ಲ. ಅವಳು ಬಟ್ಟೆಯ ಕೋಣೆಯಲ್ಲೇ ಉಳಿದಳು. ತೆಳುವಾದ ಹಲಗೆಯ ಆಚೆಯಿಂದ ಅವನ ದನಿ ಬಂತು.

"ನಾನು ಕಣೆ. ಇನ್ನೇನು ಹೊರಟೆ." ಸ್ವಲ್ಪ ಮೌನ.

"ಕಟ್," ಎಂದ ನಿರ್ದೇಶಕ. "ಸಾರ್, ನಗ್ತಿದೀರಿ."

"ನಕ್ಕೆನಾ?"

ಮತ್ತೆ ತೆಗೆದರು. ಮತ್ತೆ ಅದೇ ಮೌನ, ಅದೇ ತಪ್ಪು. ಹಲಗೆಯ ಈಚೆ ಅವಳು ಅಂಗಿ ಮಡಿಸುವುದನ್ನು ನಿಲ್ಲಿಸಿದಳು. ಆ ಮೌನದ ಅಳತೆ ಅವಳಿಗೆ ಗೊತ್ತು. ಬೀಗದಕೈಯ ಮಾತು ಅದರಲ್ಲಿ ಸರಿಯಾಗಿ ಹಿಡಿಯುತ್ತಿತ್ತು. ಯಾರೂ ಆಡದ ಮಾತನ್ನು ಅವನು ಕೇಳಿಸಿಕೊಂಡು ನಗುತ್ತಿದ್ದ.

ಕೊನೆಗೆ ನಿರ್ದೇಶಕನೇ ಬಂದ. "ಅಕ್ಕಾ, ಬಂದು ಕೂತ್ಕೊಳ್ಳಿ. ಮಾತಾಡ್ಬೇಡಿ. ನೀವು ಸುಮ್ನಿರೋದನ್ನ ಅವರು ನೋಡ್ಬೇಕು, ಅಷ್ಟೇ."

ಕೂತಳು. ಅವನ ಹಿಂದೆ ಗೋಡೆಯ ಮೇಲೆ ಯಾರೋ ಚೆಲುವೆಯ ಫೋಟೊ. ಅವನು ಫೋನ್ ಎತ್ತಿ ಅವಳನ್ನು ನೋಡಿದ.

"ನಾನು ಕಣೆ. ಇನ್ನೇನು ಹೊರಟೆ."

ಅವಳ ಗಂಟಲಿಗೆ ಮಾತು ಬಂತು. ತುಟಿ ಕಚ್ಚಿ ನುಂಗಿದಳು. ಅವನು ಕಾದ. ತುಟಿಯ ಎಡಮೂಲೆ ಅಲುಗಲು ಹೋಗಿ ನಿಂತಿತು.

"ಏನಾದ್ರೂ ಅನ್ನು," ಎಂದ. ಅದು ಹಾಳೆಯಲ್ಲಿ ಇರಲಿಲ್ಲ. "ಬೈಯೋದಾದ್ರೂ ಬೈ."

ನಿರ್ದೇಶಕ ಕಟ್ ಎನ್ನಲಿಲ್ಲ. ಅವಳು ಕಲ್ಲಿನ ಹಾಗೆ ಕೂತಿದ್ದಳು. ಅವನ ಕಣ್ಣು ತುಂಬಿತು. ಮೆಲ್ಲಗೆ ಫೋನ್ ಇಟ್ಟ.

ಚಪ್ಪಾಳೆ ಬಿತ್ತು. ಕಥೆಯ ಹುಡುಗಿ ಮೂಗು ಒರೆಸಿಕೊಂಡಳು. ಅವನು ಯಾರ ಹತ್ತಿರವೂ ನಿಲ್ಲದೆ ಅವಳ ಹಿಂದೆಯೇ ಬಟ್ಟೆಯ ಕೋಣೆಗೆ ಬಂದ.

"ಚೆನ್ನಾಗಿ ಬಂತು," ಎಂದಳು. "ಕೋಟು ಕೊಡಿ."

"ಫೋಟೊ ಬೇಡ ಅಂದಿದ್ದಕ್ಕೆ ತಾನೇ ಸಿಟ್ಟು?"

"ನನ್ನ ಮುಖ ಗೋಡೆಗೆ ಒಪ್ಪಲ್ಲ, ಗೊತ್ತು ಬಿಡಿ."

"ನಿಮ್ಮ ಫೋಟೊ ಅಲ್ಲಿದ್ರೆ, ಅದನ್ನ ನೋಡಿ ಇವರಿಲ್ಲ ಅಂತ ಅಳ್ಬೇಕಿತ್ತು ನಾನು. ಸುಳ್ಳಿಗೂ ನನ್ನ ಕೈಲಾಗ್ತಿರ್ಲಿಲ್ಲ. ಬರೀ ಸುಮ್ನೆ ಕೂತಿದ್ದಕ್ಕೇ ನನ್ನ ಗತಿ ನೋಡಿದ್ರಲ್ಲ."

ಅವನು ಕಳಚಿಕೊಟ್ಟ ಕೋಟು ಅವಳ ಕೈಯಲ್ಲೇ ಉಳಿಯಿತು. ಅದರ ಭುಜ ಇನ್ನೂ ಬೆಚ್ಚಗಿತ್ತು.

"ಇದನ್ನ ನಿನ್ನೇನೇ ಹೇಳೋಕೆ ಏನಾಗಿತ್ತು?"

"ಎಲ್ಲರ ಮುಂದೆ ಹೆಂಗೆ ಹೇಳ್ಲಿ?"

"ಎಲ್ಲರ ಮುಂದೆ ಬೇಡ ಅನ್ನೋಕೆ ಬಂತಲ್ಲ."

"ತಪ್ಪಾಯ್ತು. ಬರೆದುಕೊಡೋರು ಇಲ್ದಿದ್ರೆ ನಂಗೆ ಮಾತೇ ಹೊಳೆಯಲ್ಲ." ಅವನು ಮೇಜಿನ ಮೇಲಿದ್ದ ನೂಲಿನ ಉಂಡೆ ಎತ್ತಿ, ತಿರುಗಿಸಿ, ಅಲ್ಲೇ ಇಟ್ಟ. "ಸೀರಿಯಲ್ ಮುಗೀತು. ಇನ್ನು ಯಾವ ನೆಪ ಹೇಳಿ ನಿಮಗೆ ಫೋನ್ ಮಾಡ್ಲಿ?"

"ಫೋನ್ ಬೇಡ," ಎಂದಳು.

ಅವನ ಮುಖ ಸಣ್ಣದಾಯಿತು. ಅವಳು ಆ ಮುಖವನ್ನು ಅವಸರವಿಲ್ಲದೆ ನೋಡಿದಳು. ಗುಂಡಿಯಿಂದ ಕಾಲರಿಗೆ, ಕಾಲರಿನಿಂದ ಗಲ್ಲಕ್ಕೆ, ಅಲ್ಲಿಂದ ಕಣ್ಣಿಗೆ. ಯಾರೂ ಕಟ್ ಎನ್ನುವವರಿರಲಿಲ್ಲ.

"ಮನೆಗೇ ಬನ್ನಿ," ಎಂದಳು. "ಭಾನುವಾರ. ಅಮ್ಮ ಇರ್ತಾಳೆ. ಯಾರು, ಏನು, ಯಾಕೆ ಬಂದ್ರಿ ಅಂತ ಕೇಳ್ತಾಳೆ."

"ನಿಮ್ಮ ಮಗಳು ಬೇಕು ಅಂತ ಬಂದೆ ಅಂತೀನಿ. ಆಗ್ಬಹುದಾ?"

ಅವಳು ಕೋಟನ್ನು ಎದೆಗೆ ಒತ್ತಿಕೊಂಡು ತಲೆ ಆಡಿಸಿದಳು.

"ಎಷ್ಟು ಹೊತ್ತಿಗೆ ಬರ್ಲಿ?"

"ಬೆಳಿಗ್ಗೇನೇ ಬನ್ನಿ. ಕಾದು ಕಾದು ಸಾಕಾಗಿದೆ ನಂಗೆ."