ಒಂಟಿ ಕಿವಿಯ ಮೊಲ

ಅಂದು ಬೆಳಿಗ್ಗೆ ನಾನು ಅಂಗಡಿಯ ಕಪಾಟಿನಲ್ಲಿ ಬ್ರೆಡ್ ಜೋಡಿಸುತ್ತಿದ್ದೆ. ಹೊರಗಿನಿಂದ ಮಗಳು ಟಿಲ್ಲಿ ಕೂಗಿದಳು: "ಅಮ್ಮಾ, ಗೋಪುರ ಬಿದ್ಹೋಗಿದೆ!"

ಗೋಪುರವೇನೂ ಬಿದ್ದಿರಲಿಲ್ಲ. ಚರ್ಚಿನ ಬಾಗಿಲ ಮುಂದಿನ ಹುಲ್ಲಿನ ಮೇಲೆ ದಪ್ಪನೆಯ ಕಲ್ಲೊಂದು ಬಿದ್ದಿತ್ತು. ಅಷ್ಟೇ ಸಾಕಾಯಿತು. ಮಧ್ಯಾಹ್ನ ಅಧಿಕಾರಿಯೊಬ್ಬ ಬಂದು, ಕಟ್ಟಡ ಅಪಾಯಕಾರಿ, ನಾಳೆ ಬೀಗ ಎಂದು ಹೇಳಿ ಹೋದ.

ಆರುನೂರು ವರ್ಷದ ಚರ್ಚು ಅದು. ಪ್ರಾರ್ಥನೆಗೆ ಜನ ಬರುವುದು ನಿಂತ ಮೇಲೆ ಒಳಗೆ ಅಂಗಡಿ, ಚಹಾದ ಮೇಜು ಹಾಕಿ ನಾವೇ ಉಳಿಸಿಕೊಂಡಿದ್ದೆವು. ಊರಿಗೆ ಬೇರೆ ಅಂಗಡಿಯಿರಲಿಲ್ಲ.

ಪಕ್ಕದ ಮನೆಯ ಹೆಸ್ಟರ್ ಪಾಸ್ಕ್ ಬಂದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಊರಿನ ಎಲ್ಲ ಒಗಟುಗಳೂ ಅವಳ ಬಾಗಿಲಿಗೇ ಹೋಗುತ್ತಿದ್ದವು. ಅವಳು ಕಲ್ಲನ್ನು ಹೊರಳಿಸಿದಳು. ಟಿಲ್ಲಿ ಅದರ ಸುತ್ತ ಬೆರಳಾಡಿಸಿ, "ನೋಡಿ, ಕೈಯೆಲ್ಲ ಹಸಿರು!" ಎಂದಳು. ಅಷ್ಟರಲ್ಲಿ ಗಾಳಿಗೆ ಬಾಗಿಲು ದಡಾರನೆ ಬಡಿದುಕೊಂಡಿತು.

"ಬೆಳಿಗ್ಗೆಯಿಂದ ಇದೇ ಗೋಳು," ಎಂದೆ. "ಬಡಿಯದ ಹಾಗೆ ಸಂದಿಗೆ ಇಡ್ತಿದ್ದ ಮೆತ್ತೆ ಕಾಣ್ತಿಲ್ಲ."

ಪ್ರಾರ್ಥನೆಯಲ್ಲಿ ಮೊಣಕಾಲೂರಲು ಹಿಂದಿನ ತಲೆಮಾರಿನ ಹೆಂಗಸರು ಕಸೂತಿ ಹಾಕಿದ್ದ ಮೆತ್ತೆಗಳಲ್ಲಿ ಅದೊಂದು. ಅದರ ಮೇಲೊಂದು ಮೊಲವಿತ್ತು. ಆ ಮೊಲದ ಬಗ್ಗೆ ಟಿಲ್ಲಿ ಏನನ್ನೋ ಕೇಳಲು ಬಂದಾಗಲೆಲ್ಲ ನಾನು "ಆಮೇಲೆ ಚಿನ್ನಾ" ಎನ್ನುತ್ತಿದ್ದೆ.

"ಬಾಗಿಲಿನ ಕೀಲಿ ಯಾರ್‍ಯಾರ ಹತ್ರ ಇದೆ?" ಹೆಸ್ಟರ್ ಕೇಳಿದಳು.

"ನನ್ನ ಹತ್ರ, ಹಾಲು ತಂದಿಡೋ ಪಬ್ಬಿನ ಡೆನ್ನಿಸ್ ಹತ್ರ, ಚರ್ಚಿನ ಹಳೇ ಮೇಲ್ವಿಚಾರಕ ಸಿರಿಲಜ್ಜನ ಹತ್ರ."

ಸಂಜೆ ಅವಳು ಎಲ್ಲರನ್ನೂ ಚರ್ಚಿನೊಳಗೇ ಕರೆದಳು. "ಒಳಗೆ ಬರಬಾರದು ಅಂದಿದ್ದಾರಲ್ಲ?" ಎಂದು ಯಾರೋ ಗೊಣಗಿದರು. "ಅಂದ್ಕೊಳ್ಳಲಿ," ಎಂದು ನಾನು ಚಹಾಕ್ಕೆ ನೀರಿಟ್ಟೆ. "ಆ ಕಲ್ಲು ಬಿದ್ದದ್ದಲ್ಲ, ಯಾರೋ ಇಟ್ಟದ್ದು," ಎಂದು ಹೆಸ್ಟರ್ ಹೇಳುತ್ತಲೇ ಎಲ್ಲರೂ ಡೆನ್ನಿಸ್ ಕಡೆ ತಿರುಗಿದರು.

"ನಿಮ್ಮ ಚಹಾದಿಂದ ನನ್ನ ಪಬ್ ಮುಳುಗ್ತಿದೆ, ನಿಜ," ಡೆನ್ನಿಸ್ ಸಿಡುಕಿದ. "ಅದಕ್ಕೆ ಕಲ್ಲು ಹೊರೋಕೆ ಈ ಸೊಂಟ ಏಳುತ್ತೇನ್ರೀ?"

ಹೆಸ್ಟರ್ ನಕ್ಕಳು. "ಗೋಡೆಯಿಂದ ಕಳಚಿದ ಕಲ್ಲಿನ ಒಳಮೈಗೆ ಗಾರೆ ಅಂಟಿರಬೇಕು. ಇದಕ್ಕೆ ಸುತ್ತಲೂ ಪಾಚಿ. ಕೆಳಗಿನ ಹುಲ್ಲು ಜಜ್ಜಿಲ್ಲ, ನೆಲ ಕುಸಿದಿಲ್ಲ. ಚರ್ಚಿನ ಹಿಂದಿನ ಹಳೇ ಕಲ್ಲುರಾಶಿಯಿಂದ ರಾತ್ರಿ ತಂದು ಇಟ್ಟಿದ್ದಾರೆ. ಅದೇ ರಾತ್ರಿ ಮೆತ್ತೆಯೂ ಹೋಯ್ತು. ಬೀಗ ಬೀಳುತ್ತೆ, ಮೆತ್ತೆ ಒಳಗೇ ಕೊಳೆಯುತ್ತೆ ಅಂತ ಮುಂಚೆಯೇ ಗೊತ್ತಿದ್ದದ್ದು ಕಲ್ಲು ಇಟ್ಟವರಿಗೆ ಮಾತ್ರ. ಆ ಮೊಲವನ್ನ ಹೊಲಿದದ್ದು ನಿಮ್ಮಮ್ಮ ಅಲ್ವಾ, ಸಿರಿಲ್?"

ಸಿರಿಲಜ್ಜ ತಲೆ ತಗ್ಗಿಸಲಿಲ್ಲ. "ಹೌದು, ನಾನೇ! ಕೈಗಾಡಿಯಲ್ಲಿ ತಳ್ಕೊಂಡು ಬಂದೆ. ಚರ್ಚು ಖಾಲಿ ನಿಂತರೂ ಸರಿ. ಅಮ್ಮನ ಕೈಕೆಲಸ ಬಾಗಿಲ ಸಂದಿಗೆ, ದೇವರ ಮನೇಲಿ ಆಲೂಗಡ್ಡೆ!"

"ಬಲಿಪೀಠದ ಕಡೆ ಪಾದ್ರಿಯದು, ಈ ಹಜಾರ ಊರಿನವರದು. ನೂರಾರು ವರ್ಷದ ಹಿಂದೆಯೂ ಹಾಗೇ ಇತ್ತು," ಹೆಸ್ಟರ್ ಅಂದಳು. "ಸೂರು ರಿಪೇರಿಯ ದುಡ್ಡಿಗೆ ಇಲ್ಲೇ ಬಿಯರ್ ಮಾಡಿ ಮಾರ್ತಿದ್ದರು. ನಾವು ಮುಚ್ಚಲ್ಲ, ಸಿರಿಲ್. ನಾಳೆ ಅಧಿಕಾರಿಗೆ ನೀವೇ ನಿಜ ಹೇಳಬೇಕು."

"ಮೆತ್ತೆ ವಿಷಯದಲ್ಲಿ ತಪ್ಪು ನನ್ನದು," ಎಂದೆ. "ಬಾಗಿಲಿಗೆ ಇಟ್ಟಿಗೆ ಇಡ್ತೀನಿ. ಅಂಗಡಿ ಮಾತ್ರ ತೆಗೆಯಲ್ಲ."

ಮುದುಕ ಕೋಟಿನೊಳಗಿಂದ ಮೆತ್ತೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡ. ಟಿಲ್ಲಿ ನನ್ನ ಮುಖ ನೋಡಿದಳು. ಈ ಸಲ ನಾನು "ಆಮೇಲೆ" ಎನ್ನಲಿಲ್ಲ. ಅವಳು ಅವನ ಮೊಣಕಾಲಿನ ಬಳಿ ಹೋಗಿ ನಿಂತಳು.

"ಅಜ್ಜಾ, ಈ ಮೊಲಕ್ಕೆ ನಿಮ್ಮಮ್ಮ ಒಂದೇ ಕಿವಿ ಯಾಕೆ ಹೊಲಿದ್ರು?"