ಹೆಂಡ ಬಿಟ್ಟವರ ಸುದ್ದಿ

ಅವಳು ಸೋದರಮಾವನ ಹಳೇ ಪೇಪರ್ ಅಂಗಡಿಯ ಷಟರ್ ಎತ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ರಟ್ಟು ಒತ್ತುವ ಮಷಿನ್ನು ಆಗಲೇ ಗಡಗಡ ಎನ್ನುತ್ತಿತ್ತು. ಆ ಗದ್ದಲದಲ್ಲಿ ಎತ್ತರದ ಯುವಕನೊಬ್ಬ ತಕ್ಕಡಿಯ ಪಕ್ಕ ಬಂದು ನಿಂತು, ನೆಲ ನೋಡುತ್ತ ಏನೋ ಕೇಳಿದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಕಿವಿಯ ಹಿಂದೆ ಪೆನ್ಸಿಲ್ಲು. ಎದುರು ಸಾಲಿನಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಎಂದು ಅವಳಿಗೆ ಗೊತ್ತಿತ್ತು. ಆ ಬೀದಿಯಲ್ಲಿ ಅವಳು ನೋಡದ ಮುಖ ಒಂದೂ ಇರಲಿಲ್ಲ. ಮಾತಾಡಿಸಿದ ಮುಖವೂ ಒಂದಿರಲಿಲ್ಲ.

"ಏನು?" ಎಂದಳು.

ಅವನು ಇನ್ನಷ್ಟು ಮೆಲ್ಲಗೆ ಹೇಳಿದ. ಅವಳಿಗೆ ಕೇಳಿಸಿದ್ದು ಇಷ್ಟು: "ಹೆಸರುವಾಸಿ ಜನ... ಹೆಂಡ್ತಿ ಬಿಟ್ಟವರ ಸುದ್ದಿ ಇದ್ರೆ ಎತ್ತಿಡ್ತೀರಾ? ಫೋಟೋ ಇದ್ರೆ ಇನ್ನೂ ಒಳ್ಳೇದು."

ಅವಳ ಹುಬ್ಬು ಏರಿತು. ಆದರೂ ತಲೆಯಾಡಿಸಿದಳು. ಪಾಪ, ಇವನ ಸಂಸಾರವೂ ಮುರಿದಿರಬೇಕು ಎಂದುಕೊಂಡಳು. ಹಾಗೆಂದುಕೊಂಡಾಗ ಎದೆಯೊಳಗೆ ಸಣ್ಣದೊಂದು ಖುಷಿ ಏಕೆ ಎದ್ದಿತೆಂದು ಮಾತ್ರ ವಿಚಾರಿಸಿಕೊಳ್ಳಲು ಹೋಗಲಿಲ್ಲ.

ವಾರವಿಡೀ ಕತ್ತರಿ ಹಿಡಿದು ಕೂತಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಆದರೂ ಹನ್ನೊಂದು ಜನರನ್ನು ಹುಡುಕಿದಳು. ನಟರು ಆರು, ಆಟಗಾರರು ನಾಲ್ಕು, ಇಬ್ಬರು ಹೆಂಡಿರನ್ನು ಬಿಟ್ಟ ಮಂತ್ರಿ ಒಬ್ಬ.

ವಾರದ ಕೊನೆಗೆ ಬಂದ ಪೇಂಟರ್ ಅವಳು ಕೊಟ್ಟ ಕಟ್ಟು ಬಿಚ್ಚಿ ಒಂದೊಂದೇ ನೋಡಿದ. ಹಣೆಯ ಮೇಲೆ ಗೆರೆ ಮೂಡಿತು. ಮಂತ್ರಿಯ ಹತ್ತಿರ ಬಂದಾಗ ತಲೆಯೆತ್ತಿದ.

"ಇವರೆಲ್ಲ ಹೆಂಡ್ತಿ ಬಿಟ್ಟವರು!"

"ನೀವೇ ಕೇಳಿದ್ರಲ್ಲಾ?"

"ಅಯ್ಯೋ ದೇವರೇ! ನಾನು ಕೇಳಿದ್ದು ಹೆಂಡ ಬಿಟ್ಟವರು ರೀ! ಹೆಂಡ!"

ಅಷ್ಟು ಹೊತ್ತಿಗೆ ಮಷಿನ್ನು ನಿಂತಿತ್ತು. ಅವನ ಕೂಗು ಬೀದಿಗೆಲ್ಲ ಕೇಳಿಸಿತು. ಒಳಗಿನಿಂದ ಮಾವ, "ಯಾರಪ್ಪಾ ಅದು, ಬೆಳಿಗ್ಗೆ ಬೆಳಿಗ್ಗೆನೇ ಹೆಂಡ ಕೇಳ್ತಿರೋದು? ಇಲ್ಲಿ ರದ್ದಿ ಮಾತ್ರ ಸಿಗುತ್ತೆ!" ಎಂದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವನು ಮಾತ್ರ ನಗುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ.

"ಕುಡಿತ ಅನ್ನಬಾರದಾ?" ಎಂದಳು ಉಸಿರು ತೆಗೆದುಕೊಂಡು.

"ಹೆಂಡ ಬಿಟ್ಟವರದ್ದೊಂದು ಗುಂಪಿದೆ ನಮ್ಮದು. ಅದರಲ್ಲಿ ಒಬ್ಬರು ಅಜ್ಜ ಇದ್ದಾರೆ, ಮೊದಲು ಬಸ್ ಕಂಡಕ್ಟರ್. ಬಾಟ್ಲಿಗೆ ಎಷ್ಟು ಚೆಂದದ ಲೇಬಲ್ ಅಂಟಿಸಿದ್ರೂ ಒಳಗಿರೋದು ಹೆಂಡಾನೇ ಕಣೋ ಅಂತಾರೆ. ಅವರಿಂದ ನನಗೂ ಅದೇ ಬಾಯಿಗೆ ಬಂದಿದೆ." ಆಮೇಲೆ ದನಿ ತಗ್ಗಿತು. "ನಾನು ಬಿಟ್ಟು ಮೂರು ತಿಂಗಳಾಯ್ತು. ಕೈ ನಡುಗಿ ಒಂದು ಗೆರೆ ನೆಟ್ಟಗೆ ಬರ್ತಿರ್ಲಿಲ್ಲ. ಅಂಥ ದೊಡ್ಡವರೂ ಬಿದ್ದು ಎದ್ದಿದ್ದಾರೆ ಅಂತ ನಾವು ಸೇರೋ ಕೋಣೆಯ ಗೋಡೆ ಮೇಲೆ ನೋಡಿದ್ರೆ, ನಾವೂ ಏಳಬಹುದು ಅನ್ನಿಸುತ್ತೆ."

ಅವಳ ನಗು ಇಳಿಯಿತು. ಅವಳ ಅಪ್ಪನೂ ಕುಡಿಯುತ್ತಿದ್ದ. "ಇವತ್ತೇ ಕೊನೆ, ನಿನ್ನಾಣೆ" ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಎಷ್ಟು ಸಲ ಹೇಳಿದ್ದನೋ. ಸಾಯುವವರೆಗೂ ಹೇಳಿದ. ಕುಡಿಯುವವರ ಮಾತನ್ನು ನಂಬಬಾರದೆಂದು ಅವಳು ಚಿಕ್ಕ ವಯಸ್ಸಿಗೇ ಕಲಿತಿದ್ದಳು.

ಆದರೂ ಕತ್ತರಿ ಕೆಳಗಿಡಲಿಲ್ಲ. ಮಾದಕವಸ್ತುವಿನ ಚಟ ಬಿಟ್ಟು ಮತ್ತೆ ಪದಕ ಗೆದ್ದ ಈಜುಗಾರ್ತಿ ಸಿಕ್ಕಳು. ಇಪ್ಪತ್ತು ವರ್ಷದಿಂದ ಲೋಟ ಮುಟ್ಟದ ನಟ ಸಿಕ್ಕ. ಎಲ್ಲರಿಗಿಂತ ಮುಖ್ಯವಾಗಿ ಒಬ್ಬ ಹೆಸರಾಂತ ಗಾಯಕ ಸಿಕ್ಕ; ಕುಡಿತದಲ್ಲಿ ಕಂಠ ಕಳೆದುಕೊಂಡು, ಐದು ವರ್ಷದ ಮೇಲೆ ಮತ್ತೆ ಹಾಡಿದವನು. ಓದುತ್ತ ಓದುತ್ತ ಅವಳಿಗೇ ಮೈ ಜುಮ್ಮೆನ್ನುತ್ತಿತ್ತು. ಹಾಗಾದರೆ ಬಿಡಲು ಆಗುತ್ತದೆ! ಆಗುತ್ತದೆ! ದಿನವೂ ಹತ್ತೂವರೆಗೆ ಅವನು ಬರುತ್ತಿದ್ದ. ಕಟ್ಟು ಕೊಡುವಾಗ ಬೆರಳು ತಗಲಿದರೆ ಇಬ್ಬರೂ ತಕ್ಕಡಿಯನ್ನೇ ನೋಡುತ್ತಿದ್ದರು.

"ಏನೇ, ತಕ್ಕಡೀಲಿ ಏನು ತೂಗ್ತಿದೀಯಾ? ತಟ್ಟೆ ಖಾಲಿ ಇದೆ," ಎಂದು ಮಾವ ಕಿಚಾಯಿಸುತ್ತಿದ್ದ.

ಒಂದು ಬೆಳಿಗ್ಗೆ, ಅಂದಿನ ಪೇಪರ್ ಬಿಡಿಸುವಾಗ ಮೊದಲ ಪುಟದಲ್ಲೇ ಆ ಗಾಯಕನ ಮುಖ. ದಪ್ಪ ಅಕ್ಷರ: "ಮತ್ತೆ ಕುಡಿತಕ್ಕೆ ಬಿದ್ದ ಗಾಯಕ."

ಅವಳು ಪುಟವನ್ನು ರಟ್ಟಿನ ಕೆಳಗೆ ತುರುಕಿದಳು. ಮತ್ತೆ ಹೊರಗೆಳೆದಳು. ಬಚ್ಚಿಟ್ಟರೆ ಯಾರೋ ಹೇಳುತ್ತಾರೆ. ಅವನು ಒಬ್ಬನೇ ಇರುವಾಗ ಹೇಳುತ್ತಾರೆ. ಆಗ? ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಓಡಿದಳು.

ಅವನು ಏಣಿಯ ಮೇಲಿದ್ದ.

"ಕೆಳಗಿಳೀರಿ! ಇಳಿದ ಮೇಲೇ ಓದಿ."

ಇಳಿದ. ದಪ್ಪ ಅಕ್ಷರ ಓದಿದ. ಬ್ರಷ್ಷು ಡಬ್ಬಿಯಲ್ಲಿಟ್ಟು ಬಿರಬಿರನೆ ಬೀದಿಯ ತುದಿಗೆ ನಡೆದ. ತುದಿಯಲ್ಲಿ ಬಾರ್ ಇತ್ತು.

"ನಿಲ್ಲಿ! ರೀ, ನಿಲ್ಲಿ!" ಅಷ್ಟು ಜೋರಾಗಿ ಅವಳು ಹುಟ್ಟಿದಾಗಿನಿಂದ ಕೂಗಿರಲಿಲ್ಲ. ಓಡಿಹೋಗಿ ಅವನ ತೋಳು ಹಿಡಿದೇಬಿಟ್ಟಳು. "ಅಲ್ಲಿಗೆ ಹೋಗಬೇಡಿ."

ಅವನು ಬಾರಿನ ಕಡೆ ನೋಡಿದ, ಆಮೇಲೆ ಅವಳ ಬರಿಗಾಲು ನೋಡಿದ. "ಅಲ್ಲಿಗಲ್ಲ ರೀ. ಅಜ್ಜನ ಹತ್ತಿರ. ಅವರಿಗೆ ಈ ಗಾಯಕ ಅಂದ್ರೆ ಪ್ರಾಣ. ಇದನ್ನ ಅವರು ಒಬ್ಬರೇ ಕೂತು ಓದಬಾರದು. ಬನ್ನಿ, ಬೇಗ!"

ಇಬ್ಬರೂ ಓಡಿದರು. ಬಾರು ಹಿಂದೆ ಬಿತ್ತು; ಅವನು ತಿರುಗಿಯೂ ನೋಡಲಿಲ್ಲ. ಅವಳು ಅದನ್ನೇ ಗಮನಿಸುತ್ತ ಓಡಿದಳು.

ಗುಂಪು ಸೇರುವ ಕೋಣೆಯಲ್ಲಿ ಅಜ್ಜ ಕನ್ನಡಕ ಏರಿಸಿಕೊಂಡು ಅದೇ ಪೇಪರ್ ಹಿಡಿದು ಕೂತಿದ್ದರು. ಏದುಸಿರು ಬಿಡುತ್ತಿದ್ದ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಯಾಕ್ರೋ, ಮನೆಗೆ ಬೆಂಕಿ ಬಿದ್ದೋರ ಹಾಗೆ ಬಂದ್ರಿ? ಪೂರ್ತಿ ಓದಿದ್ರಾ, ಇಲ್ಲ ತಲೆಬರಹ ನೋಡೇ ಓಟ ಕಿತ್ತಿರಾ? ಎರಡು ದಿನ ಕುಡಿದ. ಮೂರನೇ ದಿನ ತಾನಾಗೇ ಡಾಕ್ಟರ್ ಹತ್ತಿರ ಹೋದ, ತಾನೇ ಊರಿಗೆಲ್ಲ ಹೇಳಿದ. ಗೋಡೆ ಮೇಲಿನ ಅವನ ಫೋಟೋ ಕಿತ್ತು ಹಾಕಿದ್ರೆ ಜೋಕೆ! ಇದನ್ನೂ ಪಕ್ಕದಲ್ಲೇ ಅಂಟಿಸ್ರೋ."

ಅಂಟಿಸಲು ಅವಳೇ ಪುಟದ ಅಂಚು ಹಿಡಿದಳು. ಅವನು ಗೋಡೆಯ ಕಡೆಗೇ ಮುಖ ಮಾಡಿ ಮೆಲ್ಲಗೆ ಹೇಳಿದ. ಈ ಸಲ ಯಾವ ಮಷಿನ್ನೂ ಇರಲಿಲ್ಲ.

"ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ. ಆದ್ರೆ ಯಾವತ್ತೂ ಕುಡಿಯಲ್ಲ ಅಂತ ಆಣೆ ಮಾಡೋಕೆ ನನಗೆ ಬರಲ್ಲ. ಇವತ್ತು ಕುಡಿಯಲ್ಲ. ನಾಳೆ ಎದ್ದು ನಾಳೆಗೂ ಹೀಗೇ ಹೇಳ್ತೀನಿ. ಎಡವಿದ್ರೆ ಮೊದಲು ನಿಮಗೇ ಹೇಳ್ತೀನಿ."

ಅವಳು ಗೋಡೆ ಬಿಟ್ಟು ಅವನ ಕಡೆ ತಿರುಗಿದಳು. ಆಣೆಗಳನ್ನು ಬೇಕಾದಷ್ಟು ಕೇಳಿದ್ದಳು. ಆಣೆಯಿಲ್ಲದ ಮಾತನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ.

"ಇವತ್ತಿಗೆ ಹೂಂ," ಎಂದಳು. "ನಾಳೆ ಮತ್ತೆ ಬಂದು ಕೇಳಿ."